ಬ್ರಶ್ಶಣ್ಣನ ಮಹಾಪ್ರಾಣ

ತಪ್ಪಾದದ್ದು ಒಂದೇ ಒಂದು ಅಕ್ಷರ. ಥಾಯ್ಲೆಂಡಿನ ಅಡುಗೆಯ ಹೊಸ ಹೋಟೆಲು ತೆರೆದ ಯಜಮಾನ ಫೋನಿನಲ್ಲಿ "ಥಾಯಿ ಊಟದ ಮನೆ" ಎಂದ. ಬೋರ್ಡು ಬರೆಯುವ ಬ್ರಶ್ಶಣ್ಣನ ಕಿವಿಗೆ ಅದು "ತಾಯಿ ಊಟದ ಮನೆ" ಆಯಿತು. ತನ್ನ ತಾಯಿಯನ್ನು ನೆನೆಯುತ್ತ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ಹಾಗೆಯೇ ಬರೆದ.

"ಇದು ನಿಮ್ಮಮ್ಮನ ಹೋಟ್ಲೇನಯ್ಯಾ?" ಬೆಳಿಗ್ಗೆ ಯಜಮಾನ ಫೋನಿನಲ್ಲೇ ಕೂಗಾಡಿದ. ಆ ಸಾಲಿನ ಅಂಗಡಿಯವರ ಸಂಘಕ್ಕೆ ಅವನೇ ಅಧ್ಯಕ್ಷ. "ಸಂಜೆಯೊಳಗೆ ತಿದ್ದು. ಇಲ್ಲಾಂದ್ರೆ ಮಿಕ್ಕ ಒಂಬತ್ತು ಅಂಗಡಿ ಬೋರ್ಡೂ ಮಶೀನಿಗೆ ಹೋಗುತ್ತೆ."

ಕೈಬರಹ ಕೇಳುವವರೆಂದು ಉಳಿದಿದ್ದದ್ದೇ ಆ ಒಂಬತ್ತು ಅಂಗಡಿ. ಅವೂ ಹೋದರೆ ಬ್ರಶ್ಶಣ್ಣನ ಬ್ರಶ್ಶು ಹಲ್ಲುಜ್ಜಲಷ್ಟೇ. ಓಡಿಬಂದು ಏಣಿ ಹಾಕಿದ.

ಹಾಲಿನ ವಾಸನೆಗೆ ಬೆಕ್ಕು ಬಂದಂತೆ, ತಪ್ಪಿನ ವಾಸನೆಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು.

"ಬಾಯಲ್ಲಿ ಇಲ್ದಿದ್ದು ಬ್ರಶ್ಶಿಗೆ ಎಲ್ಲಿಂದ ಬರುತ್ತೋ! ಮೊದ್ಲು ಹೇಳು, ಥಾ!"

"ತಾ."

"ಥಾ! ಹೊಟ್ಟೆಯಿಂದ ಉಸಿರು ಬರ್ಬೇಕು. ಮಹಾಪ್ರಾಣ!"

"ಇರೋದೊಂದೇ ಪ್ರಾಣ ಸಾರ್, ಏಣಿ ಅಲ್ಲಾಡಿಸ್ಬೇಡಿ."

ನೆರೆದವರು ನಕ್ಕರು. ಬ್ರಶ್ಶಣ್ಣನೂ ನಕ್ಕ, ಬಾಯಲ್ಲಿ ಮಾತ್ರ. ಶಾಲೆಯಲ್ಲೂ ಹೀಗೇ ನಕ್ಕಿದ್ದರು. 'ವಿದ್ಯಾಧನ' ಓದಲು ಹೋಗಿ 'ವಿದ್ಯಾದನ' ಎಂದವನು ಶಾಲೆ ಬಿಡುವ ತನಕ ಎಲ್ಲರ ಬಾಯಲ್ಲೂ ದನವಾಗಿಯೇ ಉಳಿದ. ಅವನ ಮನೆಯಲ್ಲಿ, ಅವನ ಬೀದಿಯಲ್ಲಿ ಯಾರ ನಾಲಿಗೆಯ ಮೇಲೂ ಮಹಾಪ್ರಾಣ ಇರಲಿಲ್ಲ. ಹಾಗೆಂದು ಯಾರೂ ಉಸಿರಿಲ್ಲದೆ ಸತ್ತಿರಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿ, ಬೋರ್ಡು ಓದಿ ಓದಿ ಜನ ಒಳಗೆ ತುಂಬಿದರು.

"ಹುಲ್ಲು ಬೇಯ್ಸಿ ಹಾಕಿದ್ದಾರಲ್ರೀ!" ಎಂದ ಕ್ಷೌರದವನು.

"ನಮ್ಮಮ್ಮ ಸಿಟ್ಟಲ್ಲಿ ಅಡುಗೆ ಮಾಡಿದ್ ದಿನ ಹಿಂಗೇ ಇರ್ತಿತ್ತು," ಎಂದು ದರ್ಜಿ ಕಣ್ಣೊರೆಸಿಕೊಂಡು ಇನ್ನೊಂದು ಬಟ್ಟಲು ತರಿಸಿದ. ಕಣ್ಣೀರು ಅಮ್ಮನದೋ ಮೆಣಸಿನಕಾಯಿಯದೋ ಅವನಿಗೇ ಗೊತ್ತಾಗಲಿಲ್ಲ.

ಅಡುಗೆಯಾಕೆ ಹೊರಗೆ ಬಂದಳು. ಥಾಯ್ಲೆಂಡಿನವಳು, ಈ ಬೀದಿಯಲ್ಲೇ ಮಾತು ಕಲಿತವಳು.

"ಇಳಿಯಣ್ಣ, ಮೊದ್ಲು ಉಣ್ಣು."

ತೆಂಗಿನ ಹಾಲು, ನಿಂಬೆಹುಲ್ಲು, ಕೆಂಡದಂಥ ಮೆಣಸಿನಕಾಯಿ. ಬ್ರಶ್ಶಣ್ಣ ಬಟ್ಟಲು ಹಿಡಿದು ಕೂತ.

"ಬೋರ್ಡಲ್ಲಿ ಏನೈತೆ?"

"ತಾಯಿ ಅಂತ ಬರ್ದ್ಬಿಟ್ಟೆ, ತಂಗೀ."

ಅವಳು ಬೋರ್ಡನ್ನೇ ನೋಡುತ್ತ ನಿಂತಳು. "ನಂಗೆ ಮೂರು ಮಕ್ಳು. ಅಲ್ಲಿದಾವೆ. ಇಲ್ಲಿ ಇವ್ರಿಗೆಲ್ಲ ಮಾಡಿ ಹಾಕ್ತೀನಿ. ತಪ್ಪೇನೈತೆ ಇದ್ರಲ್ಲಿ?"

ಅವನೂ ಬೋರ್ಡಿನತ್ತ ನೋಡುತ್ತ ಮೆಣಸಿನಕಾಯಿ ಕಚ್ಚಿದ.

"ತಾ... ತಾ... ಥಾ! ಥಾ! ನೀರು!"

"ಬಂತು! ಮಹಾಪ್ರಾಣ ಬಂತು!" ಮೇಷ್ಟ್ರು ಕುಣಿದಾಡಿ, ನೀರು ಕುಡಿಯಲೂ ಬಿಡದೆ ಅವನನ್ನು ಏಣಿ ಹತ್ತಿಸಿದರು. ನಡುವೆ ಚುಕ್ಕೆ, ಕೆಳಗೆ ಸೀಳು. ಥಕಾರ ಅಚ್ಚು ಹಾಕಿದಂತೆ ಮೂಡಿತು.

ಸಂಜೆ ಬಂದವರು ಬೋರ್ಡಿನ ಕೆಳಗೇ ನಿಂತರು.

"ಮಧ್ಯಾಹ್ನ ತಾಯಿ ಇತ್ತಲ್ವಾ?"

"ಹೋಯ್ತಂತೆ."

"ಅಯ್ಯೋ ಪಾಪ, ಹೆಂಗೆ?"

ಒಬ್ಬೊಬ್ಬರಾಗಿ ಹಿಂದಿರುಗಿದರು. ಯಜಮಾನ ತಲೆ ಚಚ್ಚಿಕೊಳ್ಳುತ್ತ ಹೊರಗೆ ಬಂದ. "ಅಳಿಸಿಬಿಟ್ಯಾ! ಮಧ್ಯಾಹ್ನ ಕೂರೋಕೆ ಜಾಗ ಇರ್ಲಿಲ್ಲ ಕಣಯ್ಯಾ!"

"ನೀವೇ ಅಂದ್ರಲ್ಲ ಸಾರ್! ಈಗ್ಲೇ ತಾಯಿ ಮಾಡ್ತೀನಿ. ಆ ಒಂಬತ್ತು ಬೋರ್ಡು..."

"ಮಧ್ಯಾಹ್ನದ ಜನ ನೋಡಿ, ಒಂಬತ್ತರಲ್ಲೂ ಇಂಥದ್ದೇ ಒಂದೊಂದು ತಪ್ಪು ಇರ್ಲಿ ಅಂತ ಸಂಘದಲ್ಲಿ ತೀರ್ಮಾನ ಆಯ್ತು."

ಬ್ರಶ್ಶಣ್ಣನ ಮುಖ ಅರಳಿತು. "ತಪ್ಪು ತಾನೇ? ನನಗೆ ಬಿಡಿ ಸಾರ್!"

ಯಜಮಾನ ತಲೆಯೆತ್ತಿ ಆ ಥಕಾರವನ್ನು ನೋಡಿ ನಿಟ್ಟುಸಿರಿಟ್ಟ. "ನಿನ್ನ ಕೈಲಿ ಇನ್ನೆಲ್ಲಿ ಆಗುತ್ತೆ? ಕಲ್ತುಬಿಟ್ಟಿದ್ದೀಯ. ಅದೂ ಅಲ್ದೆ, ಬೇಕಂತ ತಪ್ಪು ಮಾಡೋಕೆ ಓದಿದೋರೇ ಬೇಕು. ಮೇಷ್ಟ್ರು ಒಪ್ಕೊಂಡಿದ್ದಾರೆ. ಅವ್ರು ಬರ್ಕೊಡ್ತಾರೆ, ಮಶೀನು ಅಚ್ಚು ಹಾಕುತ್ತೆ."

ಒಳಗೆ ಮೂಲೆಯ ಮೇಜಿನಲ್ಲಿ ಮೇಷ್ಟ್ರು ಮೂಗಿನ ತುದಿಗೆ ಕನ್ನಡಕ ಇಳಿಸಿ, ಅಂಗಡಿಗಳ ಹೆಸರಿನ ಮಹಾಪ್ರಾಣಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಅಡುಗೆಯಾಕೆ ಬಟ್ಟಲು ತಂದು ಬ್ರಶ್ಶಣ್ಣನ ಮುಂದಿಟ್ಟಳು.

"ಮಧ್ಯಾಹ್ನ ಕಾರ ಜಾಸ್ತಿ ಆಯ್ತಾ, ಅಣ್ಣ?"

"ಇಲ್ಲ ತಂಗೀ," ಎಂದ ಅವನು. "ಖಾರ ಸರಿಯಾಗೇ ಇತ್ತು."

ಎಂದವನೇ ಬೆಚ್ಚಿಬಿದ್ದ. ಹಾಳಾದ್ದು, ಹೊಟ್ಟೆಯಿಂದಲೇ ಬಂದಿತ್ತು.