ಕೆಮ್ಮಿದರೆ ಎದ್ದು ಬರುವ ಗಂಟು

ಸಕಲೇಶಪುರದಲ್ಲಿ ಸರ್ಜನ್ ಆಗಿರುವ ನನಗೆ ಒಂದು ಮಾತು ಖಾತ್ರಿಯಾಗಿದೆ. ಹೊಟ್ಟೆಗೆ ಪೆಟ್ಟು ತಿಂದವರು ಪೆಟ್ಟು ತೋರಿಸುತ್ತಾರೆ, ಹೇಗೆ ಬಿತ್ತು ಅಂತ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ. ವನಗೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರದೇ ಮೂರು ಪ್ರಸಂಗ ಹೇಳುತ್ತೇನೆ, ಕೇಳಿ.

೧. ಸಿರಪ್ಪು

ರೈಟರ್ ಹೆಂಡತಿ ಜೊತೆ ಬಂದರು. ಹೊಟ್ಟೆಯ ಎಡಗಡೆ ಗಂಟು. "ಕೆಮ್ಮಿ ನೋಡೋಣ" ಅಂದೆ.

"ಅಯ್ಯೋ, ಕೆಮ್ಮಿಸ್ಬೇಡಿ ಡಾಕ್ಟ್ರೇ!" ಹೆಂಡತಿ ಅಡ್ಡ ಬಂದರು. "ಕೆಮ್ಮಿದ್ರೇ ಅದು ಎದ್ದು ಬರೋದು. ಅದಕ್ಕೇ ಸಿರಪ್ ಕುಡಿಸ್ತಾ ಇದೀನಿ. ಎರಡು ಬಾಟ್ಲಿ ಮುಗಿದೈತೆ."

"ಇವರಿಗೆ ಕೆಮ್ಮು ಇದೆಯೇನಮ್ಮ?"

"ಇಲ್ಲ. ಬರಬಾರ್ದಲ್ಲ!"

೨. ಸೀರೆ

ಜಾರಿ ಬಿದ್ದೆ ಅಂತ ರೈಟರ ವಾದ. ಗಂಟಿನ ಮೇಲೆ ನೋಡಿದರೆ ದುಂಡಗೆ ಕಪ್ಪುಗಟ್ಟಿದ ಗುರುತು. ಚರ್ಮ ನೆಟ್ಟಗಿತ್ತು, ಒಳಗೆ ಮಾಂಸ ಹರಿದು ಕರುಳು ಇಣುಕುತ್ತಿತ್ತು. ಸ್ಕ್ಯಾನ್ ಕೂಡ ಅದನ್ನೇ ಹೇಳಿತು, ಹರ್ನಿಯ. ಹೆಂಡತಿಯನ್ನು ಹೊರಗೆ ಕೂರಿಸಿ ಗದರಿದೆ: "ನಿಜ ಹೇಳ್ರೀ. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಬರುತ್ತೆ."

ರೈಟರು ಬಾಗಿಲು ನೋಡಿ ಪಿಸುಗುಟ್ಟಿದರು. "ಹಸ ತಿವೀತು ಡಾಕ್ಟ್ರೇ. ಇವಳ ತವರಿಂದ ಬಂದ ಹಸ, ಇವಳನ್ನ ಬಿಟ್ಟು ಯಾರನ್ನೂ ಹತ್ರ ಸೇರ್ಸಲ್ಲ. ಇವಳು ಊರಿಗೆ ಹೋಗಿದ್ಲು. ಇವಳ ಸೀರೆ ಸುತ್ಕೊಂಡು ಹಾಲು ಕರೆಯೋಕೆ ಕೂತೆ. ಅರ್ಧ ಚೊಂಬು ಕೊಟ್ಟೂಬುಟ್ಟಿತ್ತು. ಅಷ್ಟರಲ್ಲಿ ಇವಳೇ ಫೋನ್ ಮಾಡಿದ್ಲು. ನಾನು 'ಹಲೋ' ಅಂದೆ. ಅಷ್ಟೇ!"

"ಇದನ್ನ ಹೇಳೋಕೇನು ಕಷ್ಟ?"

"ನಮ್ಮವ್ವಂಗೆ ಗೊತ್ತಾದ್ರೆ ಹಸ ಮಾರ್ಬುಡ್ತಾಳೆ. ಹಸ ಹೋದ್ರೆ ಇವಳು ಅನ್ನ ಬಿಡ್ತಾಳೆ. ಜಾರಿ ಬಿದ್ದೆ ಅಂತಲೇ ಇರ್ಲಿ ಮಾರಾಯ್ರೇ."

"ಆಯ್ತು, ಹಾಗೇ ಹೇಳ್ತೀನಿ" ಅಂದು, ನಗು ಮುಚ್ಚಿಕೊಳ್ಳಲು ನಾನು ಕೆಮ್ಮಿದೆ. ಹೊರಗಿಂದ ಹೆಂಡತಿ ಕೂಗಿದರು: "ರೀ, ಕೆಮ್ಮಬೇಡಿ ಅಂದ್ನಲ್ಲಾ!"

೩. ಫೋನು

ಆಪರೇಷನ್ ಆಯಿತು. ಹರಿದದ್ದನ್ನು ಹೊಲಿದು, ಮತ್ತೆ ಬಿಡದಂತೆ ಆಸರೆಗೆ ಮೆಶ್ ಬಲೆ ಕೂರಿಸಿದೆ. ಮಾರನೇ ದಿನ ಅವ್ವ ವಾರ್ಡಿಗೆ ಬಂದರು. ಮಗ ತಕ್ಷಣ ಕಣ್ಣು ಮುಚ್ಚಿ ನಿದ್ದೆಯ ನಾಟಕ ಶುರು ಮಾಡಿದರು. ಪಾಪ, ಹಣೆ ತುಂಬ ಬೆವರು.

"ಜಾರಿ ಬಿದ್ದಿದ್ದಮ್ಮ, ಈಗ ಸರಿಹೋಗಿದೆ" ಅಂದೆ, ಕೊಟ್ಟ ಮಾತಿಗೆ ಕಟ್ಟುಬಿದ್ದು.

"ಸುಮ್ನಿರಿ ಸ್ವಾಮಿ. ಕೊಟ್ಟಿಗೆ ಕಿಂಡೀಲಿ ನಾನೇ ನೋಡ್ತಿದ್ದೆ. ಸೆರಗು ಚೆನ್ನಾಗೇ ಹೊದ್ದಿದ್ದ."

ಮಗನ ಕಣ್ಣು ಫಕ್ಕನೆ ತೆರೆಯಿತು. "ಅವ್ವ, ಹಸ ಮಾರ್ಬೇಡ ಕಣವ್ವ!"

"ಹಸ ಯಾಕ್ಲಾ ಮಾರ್ಲಿ? ಅದರ ಪಾಡಿಗೆ ಅದು ಹಾಲು ಕೊಡ್ತಿತ್ತು." ಅವ್ವ ಮಗನ ದಿಂಬಿನಡಿ ಕೈ ಹಾಕಿ ಫೋನ್ ಎಳೆದುಕೊಂಡರು. "ಮಾರೋದು ಇದನ್ನ!"