ಹಂಗೇರಿಗೆಂದು ಹೊರಟು ಯಲಹಂಕ ತಲುಪಿದ್ದು

ವಿದೇಶಿ ಸಿನಿಮಾಗಳ ವಿಷಯದಲ್ಲಿ ನನಗೆ ಅಭಿಪ್ರಾಯಗಳ ಕೊರತೆ ಯಾವತ್ತೂ ಆಗಿಲ್ಲ. ಸಿನಿಮಾ ಅರ್ಥವಾಗದೆ ಇರಬಹುದು, ಅಭಿಪ್ರಾಯ ಮಾತ್ರ ಇಂಟರ್‌ವಲ್ಲಿಗೆ ಮೊದಲೇ ಸಿದ್ಧವಾಗಿರುತ್ತದೆ. ಫೆಸ್ಟಿವಲ್ ಸಿನಿಮಾಗಳಿಗೆ ಇಂಟರ್‌ವಲ್ಲೇ ಇರುವುದಿಲ್ಲ ಎಂಬುದು ಬೇರೆ ಮಾತು. ಅದರ ಬಗ್ಗೆಯೂ ನನಗೊಂದು ಅಭಿಪ್ರಾಯವಿದೆ. ನನ್ನ ವಯಸ್ಸಿನ ಗಂಡಸರೆಲ್ಲರದೂ ಅದೇ ಅಭಿಪ್ರಾಯ!

ನಾನು ಆರ್.ಟಿ. ನಗರದಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡವನು. ಮನೆ ಗಂಗಾನಗರ. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರ ಒತ್ತಾಯಕ್ಕೆ ಮೊದಲ ಸಲ ಚಲನಚಿತ್ರೋತ್ಸವಕ್ಕೆ ಹೋದೆ. ಅವರು ಆಮೇಲೆ ಹೋಗುವುದನ್ನು ಬಿಟ್ಟರು. ನಾನು ಬಿಡಲಿಲ್ಲ. ಇಷ್ಟು ವರ್ಷಗಳ ಅಧ್ಯಯನದಿಂದ ನಾನು ಕಂಡುಕೊಂಡ ಸತ್ಯಗಳು ಹೀಗಿವೆ: ಕೊರಿಯಾದವರು ಊಟ ಮಾಡುತ್ತಾ ಜಗಳವಾಡುತ್ತಾರೆ, ಫಿನ್‌ಲೆಂಡಿನವರು ಜಗಳವನ್ನೂ ಆಡದೆ ಊಟ ಮಾಡುತ್ತಾರೆ, ಫ್ರಾನ್ಸಿನವರು ಊಟ ಬಿಟ್ಟು ಕಿಟಕಿ ಪಕ್ಕ ಸಿಗರೇಟು ಸೇದುತ್ತಾರೆ. ಜೊತೆಗೆ, ವೃತ್ತಿಯಿಂದ ಬಣ್ಣದವನಾದ್ದರಿಂದ, ಪರದೆಯ ಮೇಲಿನ ಗೋಡೆಯ ಬಣ್ಣ ನೋಡಿದರೆ ಸಾಕು, ದೇಶ ಯಾವುದೆಂದು ಹೇಳಿಬಿಡುತ್ತೇನೆ ಎಂಬ ಖ್ಯಾತಿ ನನಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವನೂ ನಾನೇ.

ಹೀಗಿರುವಾಗ ನಮ್ಮ ಮಗಳು ಚೈತ್ರಳಿಗೆ ಯಲಹಂಕದ ಹುಡುಗ ಗೊತ್ತಾದ. ಹೆಸರು ಮಧು. ಅವನ ಅಪ್ಪ ಪಿಳ್ಳಪ್ಪನವರದು ಹಳೇ ಬೇಸಾಯದ ಮನೆತನ. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಬೆಳೆಯುತ್ತಾರೆ. ಬಿಳಿ ಅಂಗಿ, ಬಿಳಿ ಪಂಚೆ, ಕಡಿಮೆ ಮಾತು. ಅವರ ಹೆಂಡತಿ ಅಕ್ಕಯ್ಯಮ್ಮನವರು ಕಡಿಮೆ ಮಾತಿನ ಆ ಲೋಪವನ್ನು ತುಂಬಿಕೊಡುತ್ತಿದ್ದರು. ಮಾತುಕತೆ ಮುಗಿದಿತ್ತು, ಲಗ್ನಪತ್ರಿಕೆ ಆಗಬೇಕಿತ್ತು. ಅಂದರೆ ಸಂಬಂಧ ಗಟ್ಟಿಯಾಗಿತ್ತು, ಆದರೆ ಮುರಿಯುವಷ್ಟು ಹಸಿಯಾಗಿಯೂ ಇತ್ತು.

ಒಂದು ದಿನ ನಮ್ಮ ಮನೆಗೆ ಬಂದಾಗ ಪಿಳ್ಳಪ್ಪನವರು ಕೇಳಿದರು, "ಬೀಗ್ರೆ, ನೀವು ಫಾರಿನ್ ಸಿನ್ಮಾ ಎಲ್ಲಾ ನೋಡ್ತೀರಂತೆ. ನಮ್ಮುನ್ನೂ ಒಂದ್ಸಲ ಕರ್ಕಂಡೋಗಿ. ಎಂಗಿರ್ತದೆ ನೋಡಾಣ."

ನನ್ನ ಎದೆ ಉಬ್ಬಿತು. ಬೀಗರು ಹೋದ ಮೇಲೆ ನನ್ನ ಹೆಂಡತಿ ವನಜ ಆ ಉಬ್ಬನ್ನು ಇಳಿಸಲು ಪ್ರಯತ್ನಪಟ್ಟಳು.

"ರೀ, ದಯವಿಟ್ಟು ಬೇಡ. ನೀವು ನೋಡೋ ಸಿನಿಮಾದಲ್ಲಿ ಯಾರು ಯಾವಾಗ ಬಟ್ಟೆ ಬಿಚ್ತಾರೋ ಹೇಳೋಕ್ಕಾಗಲ್ಲ."

"ಅದೆಲ್ಲಾ ನೋಡ್ಕೊಂಡೇ ಆರಿಸ್ತೀನಿ ಕಣೇ. ನನಗೇನು ಇವತ್ತು ನಿನ್ನೆಯ ಅನುಭವಾನಾ?"

ನಿಜಕ್ಕೂ ಆರಿಸಿದೆ. ಹಂಗೇರಿ ದೇಶದ ಸಿನಿಮಾ. ಒಂದು ರೈತ ಕುಟುಂಬ, ಒಂದು ಕುದುರೆ, ಒಂದು ಮದುವೆ. ಇದಕ್ಕಿಂತ ಸಂಸಾರಸ್ಥ ಸಿನಿಮಾ ಭೂಮಂಡಲದಲ್ಲಿ ಸಿಗಲಾರದು! ಮಕ್ಕಳನ್ನೂ ಕರೆದೆವು. ಚೈತ್ರ ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಅಂದಳು. ಮಧುವಿನ ಸೈಟಿಗೆ ಜಲ್ಲಿ ಬರುವುದಿತ್ತಂತೆ, ಇಳಿಸಿಕೊಳ್ಳಬೇಕಂತೆ. ಎಂಥ ಜವಾಬ್ದಾರಿಯ ಮಕ್ಕಳು ಎಂದು ನಾವು ನಾಲ್ವರು ಹಿರಿಯರೂ ಹೆಮ್ಮೆಪಟ್ಟೆವು.

ಯಶವಂತಪುರದ ಕಡೆಯ ಮಾಲ್ ಒಂದರಲ್ಲಿ ಮಧ್ಯಾಹ್ನದ ಪ್ರದರ್ಶನ. ಪಾರ್ಕಿಂಗ್ ಸಿಗುವಷ್ಟರಲ್ಲಿ ತಡವಾಯಿತು. ಅಕ್ಕಯ್ಯಮ್ಮನವರ ಚೀಲದಲ್ಲಿದ್ದ ನಿಪ್ಪಟ್ಟನ್ನು ಸೆಕ್ಯುರಿಟಿಯವರು ಬಾಗಿಲಲ್ಲೇ ಇಳಿಸಿಕೊಂಡರು. ಸಮಾಧಾನಕ್ಕೆ ನಾನು ಒಂದು ದೊಡ್ಡ ಡಬ್ಬ ಪಾಪ್‌ಕಾರ್ನ್ ಕೊಡಿಸಿದೆ. ಆರನೇ ಸ್ಕ್ರೀನಿಗೆ ಹೋಗಬೇಕಿತ್ತು. ಕನ್ನಡಕ ಹಾಕಿದರೆ ವಯಸ್ಸಾದವನಂತೆ ಕಾಣುತ್ತೇನೆಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. "ಬನ್ನಿ ಬನ್ನಿ, ಇದೇ" ಎಂದು ಮೂವರನ್ನೂ ಕತ್ತಲೊಳಗೆ ನುಗ್ಗಿಸಿದೆ. ಅದು ಎಂಟನೆಯದು.

ಸಿನಿಮಾ ಆಗಲೇ ಶುರುವಾಗಿತ್ತು. ಕಪ್ಪು ಬಿಳುಪು. ಅಯ್ಯೋ, ಬಣ್ಣವಿಲ್ಲದೆ ದೇಶ ಹೇಗೆ ಹೇಳುವುದು ಎಂದು ಒಂದು ಕ್ಷಣ ಕಂಗಾಲಾದೆ. ಆದರೆ ಟಿಕೆಟ್ಟೇ ಹಂಗೇರಿಯದಾಗಿರುವಾಗ ಚಿಂತೆಯೇಕೆ? ಪರದೆಯ ಮೇಲೆ ಒಂದು ಬೋಳು ಬಯಲು. ಅರ್ಧ ಕಟ್ಟಿದ ಗೋಡೆ. ಗಾಳಿ. ಮಾತಿಲ್ಲ. ಮತ್ತೆ ಗಾಳಿ.

"ಇದ್ಯಾವೂರು ಬೀಗ್ರೆ?" ಪಿಳ್ಳಪ್ಪನವರು ಪಿಸುಗುಟ್ಟಿದರು.

"ಹಂಗೇರಿ."

"ಅಂಗೇರೀನಾ? ಕೆಂಗೇರಿ ತಾವಾ?"

"ಅಲ್ಲ ಬೀಗ್ರೆ, ಯುರೋಪು. ನೋಡಿ ಆ ಬಯಲು, ಎಂಥ ಶೂನ್ಯ! ನಮ್ಮವರಿಗೆ ಇಂಥ ಜಾಗ ಹುಡುಕೋ ಕಣ್ಣೇ ಇಲ್ಲ."

ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಪರದೆಯ ಆಕಾಶದಲ್ಲಿ ಯುದ್ಧವಿಮಾನವೊಂದು ಕಿವಿ ಹರಿಯುವಂತೆ ಹಾದುಹೋಯಿತು.

"ನಮ್ ಯಲಹಂಕದ್ ಏರ್‌ಫೋರ್ಸ್ ಪ್ಲೇನ್ ಇದ್ದಂಗೇ ಐತೆ."

"ಅದು ಮಹಾಯುದ್ಧದ ನೆನಪು ಬೀಗ್ರೆ. ಯುರೋಪಿನವರಿಗೆ ಆ ಗಾಯ ಇನ್ನೂ ಮಾಸಿಲ್ಲ."

"ಆ ನೀರಿನ್ ಟ್ಯಾಂಕೂ ನಮ್ದೇ ಅನ್ನಂಗೈತಲ್ರೀ."

"ಟ್ಯಾಂಕ್ ಎಲ್ಲಾ ದೇಶದಲ್ಲೂ ಒಂದೇ ಥರ ಇರುತ್ತೆ. ಅದೇ ನೋಡಿ ಈ ಸಿನಿಮಾದ ಸಂದೇಶ!"

ಹಿಂದಿನ ಸಾಲಿನ ಹೆಂಗಸೊಬ್ಬರು "ಶ್!" ಅಂದರು. ನಾನು ದನಿ ತಗ್ಗಿಸಿದೆನೇ ಹೊರತು ನಿಲ್ಲಿಸಲಿಲ್ಲ. ಬೀಗರ ತಿಳಿವಳಿಕೆಯ ಜವಾಬ್ದಾರಿ ನನ್ನ ಮೇಲಿತ್ತು.

ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಒಂದು ಹೆಣ ಕಾಣಿಸಿತು. ಮೈಯೆಲ್ಲ ಕೆಸರು. ಅರ್ಧ ಮುಖ ಮಣ್ಣಲ್ಲಿ. ಕ್ಯಾಮೆರಾ ಅದರ ಕಡೆ ನಡೆಯತೊಡಗಿತು. ಎಷ್ಟು ನಿಧಾನವೆಂದರೆ, ನಾನು ಎರಡು ಅಭಿಪ್ರಾಯ ಹೇಳಿ ಮುಗಿಸಿದರೂ ಅದಿನ್ನೂ ಹೆಣವನ್ನು ಮುಟ್ಟಿರಲಿಲ್ಲ. ಕೊನೆಗೂ ಮುಖ ಪರದೆ ತುಂಬಿತು.

ಅಕ್ಕಯ್ಯಮ್ಮನವರು ಪಾಪ್‌ಕಾರ್ನ್ ಅಗಿಯುವುದನ್ನು ನಿಲ್ಲಿಸಿದರು.

"ಅಯ್ಯೋ... ಮಧು!"

"ಅಕ್ಕಾ, ಗಾಬರಿಯಾಗ್ಬೇಡಿ," ಎಂದೆ ನಾನು ಗಂಭೀರವಾಗಿ. "ಅವನು ಹಂಗೇರಿಯವನು. ಅಲ್ಲಿನ ಯುವಕರ ಹತಾಶೆಯನ್ನು ಇಲ್ಲಿ..."

"ನಾನೆತ್ತ ಮಗ ನಂಗೊತ್ತಾಗಲ್ವೇನ್ರೀ? ಆ ಕಿವಿ ನೋಡ್ರೀ! ಚಿಕ್ಕೋನಿದ್ದಾಗ ಮೇಕೆ ಕಚ್ಚಿದ್ ಕಿವಿ! ಅಯ್ಯೋ ನನ್ ಕಂದಾ!"

ಆ ಕಿರುಚಾಟಕ್ಕೆ ಸಭಾಂಗಣ ಪೂರ್ತಿ ಬೆಚ್ಚಿಬಿತ್ತು. ಪಿಳ್ಳಪ್ಪನವರು ಎದ್ದು ನಿಂತರು. "ಬೆಳಿಗ್ಗೆ ಜಲ್ಲಿ ಇಳಿಸ್ಕಳಾಕೆ ಓದೋನು... ಅಂಗೇರಿಗೆ ಯಾವಾಗ್ ಓದ?"

ಮೇಕೆ ಕಚ್ಚಿದ ಕಿವಿಯ ಬಗ್ಗೆ ನನ್ನ ಬಳಿ ಯಾವ ಅಭಿಪ್ರಾಯವೂ ಇರಲಿಲ್ಲ.

ಆಗ ತೀರಾ ಮುಂದಿನ ಸಾಲಿನಿಂದ ಒಂದು ಆಕೃತಿ ಎದ್ದಿತು. "ಅಮ್ಮಾ! ಕಿರುಚ್ಬೇಡ! ನಾನಿಲ್ಲೇ ಇದೀನಿ!" ಅಂತು. ಪರದೆಯ ಮೇಲೆ ಸತ್ತು ಮಲಗಿದ್ದ ಮುಖವೇ ಕತ್ತಲಲ್ಲಿ ಎದ್ದು ನಿಂತು ಅಮ್ಮಾ ಅಂದರೆ ಯಾವ ತಾಯಿ ತಡೆದುಕೊಂಡಾಳು? ಅಕ್ಕಯ್ಯಮ್ಮನವರು ಎರಡನೇ ಸಲ ಕಿರುಚಿದರು. ಮೊದಲನೆಯದಕ್ಕಿಂತ ಜೋರಾಗಿ. ಇದೂ ಸಿನಿಮಾದ ಭಾಗವೇ ಇರಬೇಕೆಂದು ಮೂಲೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು.

ಮಧುವಿನ ಪಕ್ಕದಲ್ಲಿ ಇನ್ನೊಂದು ಆಕೃತಿ ಎದ್ದಿತು. ಆಫೀಸಿನಲ್ಲಿ ಅರ್ಜೆಂಟ್ ಕೆಲಸದಲ್ಲಿದ್ದ ನನ್ನ ಮಗಳು!

ಈ ಸಲ ಕಿರುಚಿದ್ದು ನಾನು.

ಸ್ವಯಂಸೇವಕರು ಬಂದು, ಬಹಳ ವಿನಯದಿಂದ, ನಮ್ಮ ಎರಡೂ ಕುಟುಂಬಗಳನ್ನು ಹೊರಗೆ ಹಾಕಿದರು. ಹೊರಗಿನ ಬೆಳಕಿನಲ್ಲಿ ಅಕ್ಕಯ್ಯಮ್ಮನವರು ಮಗನ ಮುಖ, ತೋಳು, ಬೆನ್ನು ಎಲ್ಲ ಸವರಿ ನೋಡಿದರು. ಜೀವ ಇರುವುದು ಖಾತ್ರಿಯಾದ ಮೇಲೆ ಬೆನ್ನಿಗೊಂದು ಗುದ್ದಿದರು.

"ಮದ್ವೆ ಗೊತ್ತಾದ್ ಹುಡ್ಗನ್ನ ಎಣ ಮಾಡಿ ಮಲಗ್ಸವ್ರಲ್ಲಪ್ಪೋ! ಇದೆಂಥ ಅಪಶಕುನ! ಈ ಮದ್ವೆ ಎಂಗಪ್ಪಾ ನಡೀತದೆ?"

ಮಧು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಸಿದ. ನಿರ್ದೇಶಕಿ ಶಿಲ್ಪ ಅವನ ಕಾಲೇಜಿನ ಗೆಳತಿ. ಟಿ. ದಾಸರಹಳ್ಳಿಯ ಹುಡುಗಿ, ಅವರಿವರ ಹತ್ತಿರ ಕ್ಯಾಮೆರಾ ಕೇಳಿ ತಂದು ಈ ಸಿನಿಮಾ ಮಾಡಿದವಳು. ಜಾಗ ಸಿಗದೆ ಒದ್ದಾಡುತ್ತಿದ್ದಾಗ ಇವನು ಅಪ್ಪನಿಗೆ ಹೇಳದೆ ಅವರ ಜಮೀನನ್ನೇ ಬಿಟ್ಟುಕೊಟ್ಟಿದ್ದ. ಹೆಣದ ಪಾತ್ರಧಾರಿ ಕೈಕೊಟ್ಟಾಗ ತಾನೇ ಮಲಗಿದ್ದ.

ಪಿಳ್ಳಪ್ಪನವರು ನನ್ನ ಮಗಳ ಕಡೆ ತಿರುಗಿದರು. "ನಿಂಗೊತ್ತಿತ್ತೇನವ್ವಾ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಗೊತ್ತಿತ್ತು ಮಾವ," ಅಂದಳು ಚೈತ್ರ. "ಆ ಕೆಸರು ಹಚ್ಚಿದ್ದೇ ನಾನು."

ವಾರಾ ವಾರ ಯೋಗ ಕ್ಲಾಸಿಗೆಂದು ಹೋಗುತ್ತಿದ್ದವಳು! ವನಜ ನನ್ನ ಕಡೆ ನೋಡಿದಳು. "ಎಲ್ಲಾ ನಿಮ್ದೇ ಬುದ್ಧಿ ಬಂದಿರೋದು" ಎಂಬುದು ಆ ನೋಟದ ಕನ್ನಡ ಅನುವಾದ.

ಅಕ್ಕಯ್ಯಮ್ಮನವರಿಗೆ ತಕ್ಷಣ ದೃಷ್ಟಿ ತೆಗೆಯಬೇಕಿತ್ತು. ಮಾಲಿನಲ್ಲಿ ಉಪ್ಪು ಮೆಣಸಿನಕಾಯಿ ಎಲ್ಲಿಂದ ತರುವುದು? ಅವರ ಕಣ್ಣು ತಮ್ಮ ಕೈಯಲ್ಲಿದ್ದ ಪಾಪ್‌ಕಾರ್ನ್ ಡಬ್ಬದ ಮೇಲೆ ಬಿತ್ತು. ಒಂದು ಚೂರು ಬಾಯಿಗೆ ಹಾಕಿ ನೋಡಿ, "ಉಪ್ಪೈತೆ, ಸಾಕು" ಎಂದು, ಮಗನನ್ನು ಪೂರ್ವಕ್ಕೆ ನಿಲ್ಲಿಸಿ, ಹಿಡಿ ಪಾಪ್‌ಕಾರ್ನ್ ನಿವಾಳಿಸಿದರು. ಚೈತ್ರಳಿಗೂ ನಿವಾಳಿಸಿದರು! ನನಗೆ ಹೋದ ಜೀವ ಮರಳಿತು. ಸೊಸೆಯಾಗುವವಳಲ್ಲದಿದ್ದರೆ ಯಾರಾದರೂ ದೃಷ್ಟಿ ತೆಗೆಯುತ್ತಾರೆಯೇ? "ಇದುನ್ನ ಮೂರ್ ದಾರಿ ಸೇರೋ ಕಡೆ ಆಕ್ಬಿಟ್ ಬನ್ನಿ ಬೀಗ್ರೆ, ತಿರ್ಗಿ ನೋಡ್ಬಾರ್ದು" ಎಂದು ಪಾಪ್‌ಕಾರ್ನನ್ನು ನನ್ನ ಕೈಗೆ ಸುರಿದರು.

ಮುಷ್ಟಿ ಬಿಗಿಹಿಡಿದು ಎಸ್ಕಲೇಟರ್ ಇಳಿದೆ. ಮೂರು ರಸ್ತೆ ಕೂಡುವಲ್ಲಿ ಅದನ್ನು ಚೆಲ್ಲಿದ್ದೇ ತಡ, ಟ್ರಾಫಿಕ್ ಪೊಲೀಸಿನವರು "ಏನ್ರೀ ಯಜಮಾನ್ರೇ, ಕಸ ಹಾಕೋಕೆ ಇದೇ ಜಾಗ ಸಿಕ್ತಾ?" ಎಂದು ಕೂಗಿದರು. ನಾನು ತಿರುಗಿ ನೋಡಲಿಲ್ಲ. ನೋಡಬಾರದಿತ್ತಲ್ಲ! ಓಡಿದೆ.

ಮೇಲೆ ಬಂದರೆ ಅಲ್ಲಿ ಯಾರೂ ಇಲ್ಲ. ಎಲ್ಲರೂ ಮತ್ತೆ ಒಳಗೆ ಹೋಗಿದ್ದರು! ಪಿಳ್ಳಪ್ಪನವರೇ ಸ್ವಯಂಸೇವಕರಿಗೆ ಕೈಮುಗಿದು, ಇನ್ನು ಸದ್ದು ಮಾಡುವುದಿಲ್ಲವೆಂದು ಮಾತು ಕೊಟ್ಟು, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದರಂತೆ. ನಾನು ತಡಕಾಡಿಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಇದೇನ್ ಬೀಗ್ರೆ?"

"ಸುಮ್ಕಿರಿ ಬೀಗ್ರೆ. ನನ್ ಮಗನ್ನ ಯಾವೋನ್ ಸಾಯ್ಸಿದ್ದು ಅಂತ ನೋಡ್ಬೇಕು."

ಅವರು ಪಂಚೆ ಸರಿಮಾಡಿಕೊಂಡು ಸೀಟಿನ ತುದಿಗೆ ಬಂದು ಕೂತರು. ಪರದೆಯ ಮೇಲೆ ಯಾರೇ ಬಂದರೂ ಅವರ ಕಣ್ಣು ಕಿರಿದಾಗುತ್ತಿತ್ತು. ಮೇಕೆ ಕಾಯುವ ಮುದುಕನನ್ನು ಅನುಮಾನಿಸಿದರು. ನೀರಿನ ಟ್ಯಾಂಕರ್ ಡ್ರೈವರನನ್ನು ಅನುಮಾನಿಸಿದರು. ಸುಮ್ಮನೆ ಹಾದುಹೋದ ನಾಯಿಯನ್ನೂ ಬಿಡಲಿಲ್ಲ. ಈ ಮಹಾನುಭಾವರು ಸಿನಿಮಾದೊಳಗೆ ಮುಳುಗಿದ್ದಷ್ಟು ನಾನು ಇಷ್ಟು ವರ್ಷಗಳಲ್ಲಿ ಒಂದು ಸಿನಿಮಾದಲ್ಲೂ ಮುಳುಗಿರಲಿಲ್ಲ. ನನ್ನ ಗಮನವೆಲ್ಲ ಆಮೇಲೆ ಏನು ಹೇಳಬೇಕೆಂಬುದರ ಮೇಲೇ ಇರುತ್ತಿತ್ತಲ್ಲ! ಸಿನಿಮಾ ಗಾಳಿಯೊಂದಿಗೆ ಮುಗಿಯಿತು. ಕೊಂದವರು ಯಾರೆಂದು ಹೇಳಲೇ ಇಲ್ಲ.

ದೀಪ ಬಂತು, ಸಂವಾದ ಶುರುವಾಯಿತು. ವೇದಿಕೆಯ ಮೇಲೆ ಶಿಲ್ಪ, ಬಡಕಲು ಹುಡುಗಿ, ಮೈಕ್ ಹಿಡಿದು ನಿಂತಿದ್ದಳು. ಮೊದಲು ಕೈಯೆತ್ತಿದವರು ಪಿಳ್ಳಪ್ಪನವರು.

"ನಮ್ ಮಗನ್ನ ಸಾಯ್ಸಿದ್ ಯಾರಮ್ಮ?"

"ಅದನ್ನ ಪ್ರೇಕ್ಷಕರ ಊಹೆಗೇ ಬಿಟ್ಟಿದೀನಿ ಅಂಕಲ್."

"ನಾನ್ ಅವನಪ್ಪ ಕಣಮ್ಮ. ಜಾಗಾನೂ ನಂದು. ಊಹೆ ಗೀಹೆ ಬ್ಯಾಡ, ಎಸ್ರೇಳು!"

ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಿಳ್ಳಪ್ಪನವರು ಮೊದಲು ಗಾಬರಿಯಾದರು, ಆಮೇಲೆ ನಾಚಿದರು, ಕೊನೆಗೆ ಕೈಮುಗಿದರು. ಅವರ ಜೀವಮಾನದಲ್ಲಿ ಯಾರೂ ಅವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿರಲಿಲ್ಲವಂತೆ. ಮಗನ ಹೆಗಲ ಮೇಲೆ ಕೈ ಹಾಕಿ, "ಚೆನ್ನಾಗ್ ಸತ್ತಿದೀಯ ಕಣ್ಲಾ" ಅಂದರು. ಮದುವೆ ಉಳಿಯಿತು ಎಂದು ನನಗೆ ಆಗ ಖಾತ್ರಿಯಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನ ಆ "ಶ್" ಎಂದಿದ್ದ ಹೆಂಗಸು ಎದ್ದು, "ಇವರಿಗೂ ಮೈಕ್ ಕೊಡಿ. ಸಿನಿಮಾ ಉದ್ದಕ್ಕೂ ಮಾತಾಡಿದಾರೆ. ಈ ಬಯಲು ಯುರೋಪಿಂದಂತೆ, ನಮ್ಮವರಿಗೆ ಇಂಥ ಜಾಗ ಹುಡುಕೋ ಕಣ್ಣೇ ಇಲ್ಲವಂತೆ!" ಅಂದುಬಿಟ್ಟರು.

ಮೈಕ್ ಬಂತು. ಜನ ನನ್ನತ್ತ ತಿರುಗಿದರು. ಇಷ್ಟು ವರ್ಷ ಕಾದಿದ್ದ ಗಳಿಗೆ! ನಾನು ಎದ್ದು ನಿಂತು ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೆ ತೆರೆದೆ. ಗಾಳಿ ಮಾತ್ರ ಬಂತು. ಕೂತೆ.

ಹೊರಗೆ ಬಂದಾಗ ಶಿಲ್ಪ ಓಡಿಬಂದು ನನ್ನ ಕೈ ಹಿಡಿದುಕೊಂಡಳು. "ಅಂಕಲ್, ನೀವು ಮೈಕ್ ಹಿಡ್ಕೊಂಡು ನಿಂತಿದ್ರಲ್ಲ, ಆ ಮುಖಾನೇ ಕಣ್ಮುಂದೆ ಇದೆ. ನನ್ನ ಮುಂದಿನ ಸಿನಿಮಾದಲ್ಲಿ ನೀವು ಮಾಡ್ಲೇಬೇಕು. ಮುಖ್ಯ ಪಾತ್ರ."

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. ಬೀಗರ ಕಡೆ ಒಮ್ಮೆ ನೋಡಿದೆ. ಕಲಾವಿದನಿಗೆ ತಕ್ಕ ಗಾಂಭೀರ್ಯದಿಂದ, "ಯಾವ ಥರದ ಪಾತ್ರಮ್ಮ?" ಎಂದೆ.

"ಮಾತು ಬಿದ್ದುಹೋದ ಮುದುಕ ಅಂಕಲ್. ಒಂದು ಡೈಲಾಗೂ ಇಲ್ಲ. ಶೂಟಿಂಗ್ ಮುಗಿಯೋವರೆಗೂ ಮನೇಲೂ ಮಾತಾಡ್ದೆ ಅಭ್ಯಾಸ ಮಾಡ್ಬೇಕಾಗುತ್ತೆ. ಒಂದು ತಿಂಗಳು ಹಿಡಿಯಬಹುದು, ಪರವಾಗಿಲ್ವಾ?"

ನಾನು ಉತ್ತರಿಸುವ ಮೊದಲೇ ವನಜ ಮುಂದೆ ಬಂದು ಆ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಅವಸರ ಮಾಡ್ಬೇಡಮ್ಮ. ನಿಧಾನವಾಗಿ, ಚೆನ್ನಾಗಿ ತೆಗಿ. ಒಂದು ವರ್ಷ ಆದ್ರೂ ಪರವಾಗಿಲ್ಲ!"