ಎರಡು ಬೆರಳಲ್ಲಿ ಮುಚ್ಚುವ ಕಾರು

ನಮ್ಮ ಮನೆಯಲ್ಲಿ ಕಾರಿನ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ನಾನೊಬ್ಬನೇ. ಒಟ್ಟು ನಾನೂರ ಹನ್ನೆರಡು ಪುಟ. ಇವತ್ತು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವನೂ ನಾನೊಬ್ಬನೇ. ಇದು ಹೇಗಾಯಿತೆಂದು ಕ್ರಮವಾಗಿ ಹೇಳುತ್ತೇನೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕಳೆದವನಿಗೆ ಕ್ರಮ ತಪ್ಪಿಸಿ ಹೇಳಲು ಬರುವುದಿಲ್ಲ.

ಕಾರು ಕಡುನೀಲಿ ಬಣ್ಣದ, ಡೀಸೆಲ್ಲಿನ ಐಷಾರಾಮಿ ಸೆಡಾನ್. ಸೀಟು ತಾನೇ ಬೆಚ್ಚಗಾಗುತ್ತದೆ, ಕನ್ನಡಿ ತಾನೇ ಮಡಚಿಕೊಳ್ಳುತ್ತದೆ, ಹಿಂದಕ್ಕೆ ಹೋಗುವಾಗ ಏನಾದರೂ ಅಡ್ಡ ಬಂದರೆ ತಾನೇ ಕೂಗಿಕೊಳ್ಳುತ್ತದೆ. (ಈ ಕೊನೆಯ ಸೌಲಭ್ಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅತ್ತೆಯವರು ನಮ್ಮ ಜೊತೆಯಲ್ಲೇ ಇದ್ದಾರೆ.)

ಕಾರು ಬಂದ ದಿನವೇ ನಿಯಮಾವಳಿಯನ್ನು ಜಾರಿಗೊಳಿಸಿದೆ. ಚಪ್ಪಲಿ ಒರೆಸದೆ ಯಾರೂ ಹತ್ತಕೂಡದು. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಕೂಡದು. ವೇಗ ನಲವತ್ತು ದಾಟಕೂಡದು. ಬಾಗಿಲನ್ನು ಎರಡೇ ಬೆರಳಿನಿಂದ, ನಯವಾಗಿ ಮುಚ್ಚತಕ್ಕದ್ದು. ಇದಕ್ಕಾಗಿ ಅತ್ತೆಯವರಿಗೆ ಹತ್ತು ಸಲ ಅಭ್ಯಾಸವನ್ನೂ ಮಾಡಿಸಿದೆ.

"ಅಳಿಯಂದಿರೇ, ಇದು ಬಾಗಿಲೋ ಹಾವಿನ ಬುಟ್ಟಿಯೋ? ಇಷ್ಟು ಹೆದರ್ಕೊಂಡು ಯಾರು ಮುಚ್ತಾರೆ?"

"ಫ್ರಿಜ್ ಬಾಗಿಲು ಹಾಕೋ ಹಾಗೆ ಹಾಕಿ, ಅತ್ತೆ."

"ಫ್ರಿಜ್ ಬಾಗಿಲೂ ನಾನು ಹೀಗೇ ಹಾಕೋದು" ಎಂದು ಅವರು ಧಡಾರನೆ ಹಾಕಿದರು. ನಾನು ಬಾಗಿಲಿನ ಅಂಚನ್ನು ಸುತ್ತಲೂ ಸವರಿ ನೋಡಿದೆ.

ಕೈಪಿಡಿಯ ಇನ್ನೂರ ಎಂಬತ್ತೇಳನೆಯ ಪುಟದಲ್ಲಿ ಒಂದು ಎಚ್ಚರಿಕೆಯಿತ್ತು: ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇದೆ, ಕಾರನ್ನು ಆಗಾಗ ಹೆದ್ದಾರಿಯಲ್ಲಿ ವೇಗವಾಗಿ ಓಡಿಸಬೇಕು. ಓದಿ ನಕ್ಕೆ. ನಿಧಾನವಾಗಿ ಓಡಿಸಿದರೆ ಹೊಗೆ ಕಡಿಮೆ, ಹೊಗೆ ಕಡಿಮೆಯಾದರೆ ಮಸಿ ಕಡಿಮೆ ಎಂದು ನಾನೇ ಒಂದು ಸಿದ್ಧಾಂತ ಮಾಡಿಕೊಂಡೆ. ಪರೀಕ್ಷಿಸದ ಸಿದ್ಧಾಂತವನ್ನು ನಂಬಬಾರದೆಂದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಬೋಧಿಸುವವನೂ ನಾನೇ. ಅಂತೂ ಎರಡು ತಿಂಗಳು ಮನೆಯಿಂದ ಪ್ರಯೋಗಾಲಯಕ್ಕೆ ಎರಡೂವರೆ ಕಿಲೋಮೀಟರ್, ಅಲ್ಲಿಂದ ಮನೆಗೆ ಎರಡೂವರೆ ಕಿಲೋಮೀಟರ್. ಹೆಂಡತಿ ತನ್ನ ಹನ್ನೊಂದು ವರ್ಷದ ಸ್ಕೂಟರಿನಲ್ಲಿ ಶಾಲೆಗೆ ಹೋಗುವಾಗ ದಿನವೂ ನನ್ನನ್ನು ಹಿಂದಿಕ್ಕಿ, ಕೈ ಬೀಸಿ ಹೋಗುತ್ತಿದ್ದಳು.

ಅವಳು ಗಣಿತದ ಟೀಚರ್. ಎರಡು ಸಲ ಕೈತಪ್ಪಿದ್ದ ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ಮೂರನೆಯ ಸಲ ಸಂದರ್ಶನದ ಕರೆ ಬಂತು. ಆ ಶಾಲೆ ನಲವತ್ತಾರು ಕಿಲೋಮೀಟರ್ ದೂರ, ಸಮಯ ಬೆಳಿಗ್ಗೆ ಹತ್ತು ಗಂಟೆ. ಬಸ್ಸಿನಲ್ಲಿ ಹೋಗುತ್ತೇನೆಂದಳು. ಇಷ್ಟು ದೊಡ್ಡ ದಿನ ಅವಳನ್ನು ಬಸ್ಸಿಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ನಾನೇ ಬಿಡುತ್ತೇನೆಂದೆ. ಕಾರು ಮೊದಲ ಸಲ ಊರು ದಾಟುತ್ತದೆಂದು ಅತ್ತೆಯವರೂ ಹೊರಟರು.

ಎಂಟೂ ಮುಕ್ಕಾಲಿಗೆ ಬಿಟ್ಟೆವು. ಹೆದ್ದಾರಿಯಲ್ಲಿ ಬಸ್ಸು ನಮ್ಮನ್ನು ದಾಟಿತು. ಲಾರಿ ದಾಟಿತು. ಟ್ರ್ಯಾಕ್ಟರೊಂದು ದಾಟುವಾಗ ಅದರ ಚಾಲಕ ನಮ್ಮ ಕಡೆ ತಿರುಗಿ, ಏನಾದರೂ ಸಹಾಯ ಬೇಕೇ ಎಂಬಂತೆ ನೋಡಿದ.

"ಅದು ಹೊಲಕ್ಕೆ ಹೋಗೋ ಗಾಡಿ ಅಲ್ವೇನೇ?" ಎಂದರು ಅತ್ತೆ, ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತಾ.

ಹದಿನಾರನೆಯ ಕಿಲೋಮೀಟರಿನಲ್ಲಿ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಎಚ್ಚರಿಕೆಯ ಹಳದಿ ದೀಪ ಹೊತ್ತಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೈಪಿಡಿ ತೆರೆದೆ. ಅದೇ ಇನ್ನೂರ ಎಂಬತ್ತೇಳನೆಯ ಪುಟ. ನಾನು ಅದನ್ನು ಮೂರನೆಯ ಸಲ ಓದುತ್ತಿದ್ದಾಗ ಹೆಂಡತಿ ಸರ್ವೀಸ್ ಸೆಂಟರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ಸರ್, ಎಷ್ಟು ಸ್ಪೀಡಲ್ಲಿ ಓಡಿಸ್ತೀರಿ?"

"ಹೊಸ ಗಾಡಿ ಅಲ್ವಾ? ನಲವತ್ತು ದಾಟಿಸಿಲ್ಲ."

"ದಿನಾ ಎಷ್ಟು ದೂರ?"

"ಹೋಗೋಕೆ ಎರಡೂವರೆ ಕಿಲೋಮೀಟರ್, ಬರೋಕೆ ಎರಡೂವರೆ."

"ಸರ್, ನೀವು ಅದನ್ನ ಓಡಿಸ್ತಾ ಇದೀರೋ, ಸಾಕ್ತಾ ಇದೀರೋ? ಜಾಲರಿ ಚೆನ್ನಾಗಿ ಕಾದ್ರೆ ತಾನೇ ಮಸಿ ಸುಟ್ಟುಹೋಗೋದು? ನೀವು ಅದನ್ನ ಕಾಯೋಕೇ ಬಿಟ್ಟಿಲ್ಲ. ಈಗ ಎಂಬತ್ತಕ್ಕೆ ಹೋಗಿ, ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಿಸ್ಬೇಡಿ."

ಗಂಟೆ ಒಂಬತ್ತೂ ಇಪ್ಪತ್ತಾಗಿತ್ತು. ಹೆಂಡತಿ ಸೆರಗು ಸರಿಮಾಡಿಕೊಂಡಳು. "ಇನ್ನೂ ಮೂವತ್ತು ಕಿಲೋಮೀಟರ್ ಇದೆ. ನಲವತ್ತರಲ್ಲಿ ಹೋದ್ರೆ ಹತ್ತೂ ಐದಕ್ಕೆ ತಲುಪ್ತೀವಿ. ಎಂಬತ್ತರಲ್ಲಿ ಹೋದ್ರೆ ಒಂಬತ್ತೂ ನಲವತ್ಮೂರಕ್ಕೆ. ಯಾವ್ದು, ರೀ?"

ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕಾಲು ಒತ್ತಿದೆ. ನಲವತ್ತೈದು. ಐವತ್ತು. ಐವತ್ತೆರಡಕ್ಕೆ ಕಾಲು ತಾನಾಗಿಯೇ ಮೇಲೆದ್ದಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು.

"ಪಕ್ಕಕ್ಕೆ ಹಾಕಿ. ಇಳೀರಿ."

"ನಿಂಗೆ ಈ ಗಾಡಿ ಅಭ್ಯಾಸ ಇಲ್ಲ ಕಣೇ..."

"ನನ್ನ ಲೈಸೆನ್ಸು ನಿಮ್ಮದಕ್ಕಿಂತ ನಾಲ್ಕು ವರ್ಷ ಹಳೇದು."

ನಾನು ಸುತ್ತಿ ಬರುವಷ್ಟರಲ್ಲಿ ಅತ್ತೆಯವರು ಮುಂದಿನ ಸೀಟನ್ನು ವಶಪಡಿಸಿಕೊಂಡಿದ್ದರು. "ನೀವು ಹಿಂದೆ ಆರಾಮಾಗಿ ಕೂತ್ಕೊಂಡು ಪುಸ್ತಕ ಓದಿ, ಅಳಿಯಂದಿರೇ."

ಓದಲಾಗಲಿಲ್ಲ. ಎರಡು ತಿಂಗಳು ನನ್ನ ಬಳಿ ಗುರುಗುಟ್ಟುತ್ತಿದ್ದ ಕಾರು ಅವಳ ಕೈಗೆ ಸಿಕ್ಕಿದ್ದೇ ತಡ, ಸದ್ದಡಗಿಸಿ ಓಡಿತು. ಬಸ್ಸನ್ನು ದಾಟಿದೆವು. ಲಾರಿಯನ್ನು ದಾಟಿದೆವು. ಟ್ರ್ಯಾಕ್ಟರನ್ನು ದಾಟುವಾಗ ಅತ್ತೆಯವರು ಕಿಟಕಿಯಿಂದ ಅದರ ಚಾಲಕನಿಗೆ ಕೈ ಬೀಸಿದರು. ತಿರುವುಗಳಲ್ಲಿ ನಾನು ಪ್ಲಾಸ್ಟಿಕ್ಕಿನ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಜಾರುತ್ತಿದ್ದೆ. ಹತ್ತೊಂಬತ್ತನೆಯ ನಿಮಿಷಕ್ಕೆ ಹಳದಿ ದೀಪ ಆರಿತು. ಶಾಲೆ ತಲುಪಿದಾಗ ಗಂಟೆ ಒಂಬತ್ತೂ ನಲವತ್ತೈದು.

ಅವಳಿಗೆ ಹುದ್ದೆ ಸಿಕ್ಕಿತು. ನನ್ನ ಕಣ್ಣು ಒದ್ದೆಯಾಯಿತು. (ಅತ್ತೆಯವರು ಅದನ್ನೂ ಕಾರಿಗಾಗಿ ಎಂದೇ ತಿಳಿದಿದ್ದಾರೆ.)

ಮುಂದಿನ ವಾರ ಮೆಕ್ಯಾನಿಕ್ ಕಾರನ್ನು ಪರೀಕ್ಷಿಸಿ ತೀರ್ಪು ಕೊಟ್ಟ: "ಮೇಡಂ ದಿನಾ ಅಷ್ಟು ದೂರ ಹೋಗಿ ಬಂದ್ರೆ ಇದಕ್ಕೆ ಬೇರೆ ಔಷಧಿನೇ ಬೇಡ. ಸರ್‌ಗೆ ಮಾತ್ರ ಕೊಡ್ಬೇಡಿ." ಅಂದಿನಿಂದ ಕಾರು ಅವಳದು, ಸ್ಕೂಟರು ನನ್ನದು. ಅದಕ್ಕೆ ಕೈಪಿಡಿಯೇ ಇಲ್ಲ.

ಭಾನುವಾರ ಮಾತ್ರ ನನ್ನನ್ನೂ ಕಾರಿನಲ್ಲಿ ಕರೆದೊಯ್ಯುತ್ತಾರೆ. ಮೊನ್ನೆ ಚಪ್ಪಲಿ ಒರೆಸಿ, ಹಿಂದೆ ಹತ್ತಿ, ಎರಡು ಬೆರಳಿನಿಂದ ನಯವಾಗಿ ಬಾಗಿಲು ಮುಚ್ಚಿದೆ. ಕಾರು ಕೂಗಿಕೊಂಡಿತು.

"ರೀ, ಬಾಗಿಲು ಸರಿಯಾಗಿ ಬಿದ್ದಿಲ್ಲ."

ಮತ್ತೆ ಎರಡು ಬೆರಳು. ಮತ್ತೆ ಕೂಗು.

ಅತ್ತೆಯವರು ಮುಂದಿನಿಂದ ಇಳಿದು, ನಿಧಾನವಾಗಿ ಸುತ್ತಿ ಬಂದು, ನನ್ನ ಬಾಗಿಲನ್ನು ಪೂರ್ತಿ ತೆರೆದು, ಧಡಾರನೆ ಹಾಕಿದರು. ಕಾರು ಸುಮ್ಮನಾಯಿತು.

"ಹತ್ತು ಸಲ ಅಭ್ಯಾಸ ಮಾಡಿ, ಅಳಿಯಂದಿರೇ" ಎಂದರು ಕಿಟಕಿಯ ಆಚೆಯಿಂದ. "ತಾನಾಗೇ ಬರುತ್ತೆ."